ಜೋಡಿ ಕಬ್ಬು

2025ರ ತುಳಸಿ ಲಗ್ನ ನವೆಂಬರ್ 2ಕ್ಕೆ, ರವಿವಾರ ಬಂದಿತ್ತು. ಹಿಂದಿನ ದಿನ ರಾಜ್ಯೋತ್ಸವ. ಶಾಲೆಯಲ್ಲಿ ಧ್ವಜವಂದನೆ ಮುಗಿಸಿ, ಮಕ್ಕಳಿಗೆ ಪೇಢೆ ಹಂಚಿ, ಮನೆಗೆ ಬಂದು ಊಟ ಮಾಡಿ, ಸಂಜೆ ಒಂದು ಕೈಚೀಲ ಹಿಡಿದು ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋದೆ. ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಕೆಂಪು ಹಳದಿ ಬಾವುಟ ಕಟ್ಟಿಕೊಂಡ ಆಟೋಗಳು, ಇನ್ನೊಂದು ಕಡೆ ಚೆಂಡು ಹೂವಿನ ರಾಶಿ, ಕಾಯಿ ಸಮೇತ ಮುರಿದು ತಂದ ನೆಲ್ಲಿಯ ಟೊಂಗೆ, ಹುಣಸೆಕಾಯಿ, ಹಸಿರು ಬಳೆ. ನಡುವೆ ಅಂಗಡಿಗಳ ಮುಚ್ಚಿದ ಬಾಗಿಲಿಗೆ ಒರಗಿಸಿ ನಿಲ್ಲಿಸಿದ ಕಬ್ಬು, ಸೋಗೆ ಸಮೇತ, ಆಳೆತ್ತರ. ಅದರ ಪಕ್ಕದಲ್ಲಿ ಚೀಲ ಹಾಸಿಕೊಂಡು ಕುಳಿತ ಹೆಣ್ಣುಮಗಳೊಬ್ಬಳು, “ಜೋಡಿ ಎಪ್ಪತ್ತ, ಜೋಡಿ ಎಪ್ಪತ್ತ” ಎಂದು ಕೂಗುತ್ತಿದ್ದಳು.

ನನ್ನ ಮುಂದೆ ನಿಂತವರು ಚೌಕಾಶಿಗೆ ಇಳಿದಿದ್ದರು.

“ಇಷ್ಟ ಸಣ್ಣ ಕಬ್ಬಿಗೆ ಎಪ್ಪತ್ತ ಏನವಾ? ನಲವತ್ತಕ್ಕ ಕೊಡು.”

“ಆಗೂದಿಲ್ಲರಿ ಯಕ್ಕಾರ. ಟೆಂಪೋದವ್ಗ ಏನ ಕೊಡ್ಲಿ?”

“ನಾಳೆ ಮಧ್ಯಾಹ್ನ ದನಕ್ಕ ಹಾಕೂದ ಐತಿ. ಈಗ ಕೊಟ್ಟರ ರೊಕ್ಕರೆ ಆದಾವು.”

ಮಾತು ಖರೆಯೇ. ತುಳಸಿ ಲಗ್ನ ಮುಗಿದ ಮರುಗಳಿಗೆ ಆ ಕಬ್ಬಿಗೆ ಬೆಲೆಯಿಲ್ಲ. ಕೊಳ್ಳುವವರಿಗೂ ಮಾರುವವರಿಗೂ ಅದು ಗೊತ್ತಿರುವುದರಿಂದ ಹೊತ್ತು ಇಳಿದ ಹಾಗೆ ರೇಟೂ ಇಳಿಯುತ್ತದೆ. ನಾನು ಕಾಯಿಪಲ್ಯೆಗೆ ಚೌಕಾಶಿ ಮಾಡುತ್ತೇನೆ, ಸೀರೆಗೂ ಮಾಡುತ್ತೇನೆ. ಕಬ್ಬಿಗೆ ಮಾತ್ರ ನನ್ನ ಬಾಯಿ ಏಳುವುದಿಲ್ಲ. ಅದಕ್ಕೆ ಕಾರಣವುಂಟು, ಮುಂದೆ ಹೇಳುತ್ತೇನೆ.

ದುರ್ಗದ ಬೈಲು ಎಂದರೆ ಕೋಟೆಯ ಬಯಲು. ಹಳೆ ಹುಬ್ಬಳ್ಳಿ ಸವಣೂರ ನವಾಬರ ಕೈಯಲ್ಲಿದ್ದ ಕಾಲಕ್ಕೆ, 18ನೆಯ ಶತಮಾನದಲ್ಲಿ, ಬಸಪ್ಪ ಶೆಟ್ಟರ ಎಂಬ ವ್ಯಾಪಾರಸ್ಥರು ಈ ಬಯಲಿನ ಸುತ್ತ ಹೊಸ ಪೇಟೆ ಕಟ್ಟಿದರೆಂದು ಊರಿನ ಇತಿಹಾಸ ಹೇಳುತ್ತದೆ. ಈಗ ಕೋಟೆಯೂ ಇಲ್ಲ, ಬಯಲೂ ಇಲ್ಲ, ಹೆಸರೊಂದು ಉಳಿದಿದೆ. ಮುಂದೆ ಇಂಗ್ಲಿಷರ ಕಾಲದಲ್ಲಿ ಹುಬ್ಬಳ್ಳಿ ಹತ್ತಿಯ ಊರೆಂದು ಹೆಸರಾಯಿತು. ಅಮೇರಿಕದಲ್ಲಿ ಅಂತರ್ಯುದ್ಧ ನಡೆದಾಗ, 1861ರಿಂದ 1865ರ ವರೆಗೆ, ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದ ಕತೆಯನ್ನು ನಾನು ಪ್ರತಿವರ್ಷ ಮಕ್ಕಳಿಗೆ ಕಲಿಸುತ್ತೇನೆ. ಹತ್ತಿಯ ಇತಿಹಾಸ ಬರೆದವರು ಬಹಳ ಮಂದಿ. ಹಬ್ಬದ ಮುಂದೆ ಚಕ್ಕಡಿ ಹೂಡಿಕೊಂಡು ಬಂದು ಇದೇ ಬಯಲಲ್ಲಿ ಜೋಡಿ ಕಬ್ಬು ಮಾರಿ ಹೋದವರ ಲೆಕ್ಕವನ್ನು ಯಾವ ದಫ್ತರದಲ್ಲಿ ಹುಡುಕುವುದು?

ನಮ್ಮ ಊರು ದೇವಿಕೊಪ್ಪ, ಕಲಘಟಗಿ ತಾಲೂಕು. ಧಾರವಾಡ ಜಿಲ್ಲೆ ಎಂದರೆ ನವಲಗುಂದ, ಅಣ್ಣಿಗೇರಿಯ ಎರೆ ಹೊಲ, ಜೋಳ, ಹತ್ತಿ, ಕಡಲೆ ಎಂದು ತಿಳಿಯುವವರೇ ಹೆಚ್ಚು. ನಮ್ಮದು ಆ ಸೀಮೆಯಲ್ಲ, ಅರೆಮಲೆನಾಡು. ಊರು ಮುಗಿದಲ್ಲಿ ಕಾಡು ಸುರುವಾಗುತ್ತದೆ. ಕೆರೆ ಇದೆ, ಭತ್ತದ ಗದ್ದೆ ಇದೆ. ಭತ್ತ ಉಣ್ಣಲಿಕ್ಕೆ, ಕಬ್ಬು ರೊಕ್ಕಕ್ಕೆ ಎಂದು ನಮ್ಮ ಅಜ್ಜ ಹೇಳುತ್ತಿದ್ದ. ಕೆರೆಯ ಕೆಳಗೆ ನಮಗಿದ್ದದ್ದು ಒಂದು ಎಕರೆಗೂ ಕಡಿಮೆ ಕಬ್ಬು. ಅದನ್ನು ಕಾಯುವುದೇ ಒಂದು ಸಂಸಾರ. ಮೂರು ಕಣ್ಣಿನ ತುಂಡು ಊರಿದಂದಿನಿಂದ ಹನ್ನೆರಡು ತಿಂಗಳು. ಕಾಡುಹಂದಿ ಬುಡ ಅಗೆಯುತ್ತದೆ, ನರಿ ಗಣಿಕೆ ಸಿಗಿದು ರಸ ಕುಡಿಯುತ್ತದೆ, ಕೆಲವು ವರ್ಷ ದಾಂಡೇಲಿ ಕಡೆಯಿಂದ ಆನೆ ಬರುತ್ತವೆ. ಆನೆ ಬಂದ ರಾತ್ರಿ ಅಟ್ಟದ ಮೇಲಿನಿಂದ ಡಬ್ಬಿ ಬಾರಿಸುವ ಸಪ್ಪಳ ಈಗಲೂ ಒಮ್ಮೊಮ್ಮೆ ನನ್ನ ನಿದ್ದೆಯಲ್ಲಿ ಕೇಳುತ್ತದೆ. ಕಳೆ ತೆಗೆಯುವುದು, ಒಣ ಎಲೆ ಸುಲಿಯುವುದು ಹೆಂಗಸರ ಕೆಲಸ. ಕಬ್ಬಿನ ಎಲೆಯ ಅಂಚು ಗರಗಸದಂಥದ್ದು. ಅವ್ವನ ಮೊಣಕೈಯಿಂದ ಮುಂಗೈವರೆಗೆ ಸಣ್ಣ ಸಣ್ಣ ಗೀರುಗಳಿದ್ದವು. ಬಳೆ ತೊಡಿಸುವಾಕೆ ಪ್ರತಿಸಲ “ಅಯ್ಯ ತಂಗಿ, ಇದೇನ ಕೈ” ಎನ್ನುತ್ತಿದ್ದಳು.

ಹೆಚ್ಚಿನ ಕಬ್ಬು ಗಾಣಕ್ಕೆ ಹೋಗುತ್ತಿತ್ತು. ಎತ್ತು ತಿರುಗುವ ಗಾಣ, ಕೊಪ್ಪರಿಗೆಯಲ್ಲಿ ಕುದಿಯುವ ಹಾಲು, ಮೇಲೆ ಬಂದ ನೊರೆ ತೆಗೆಯುವ ಜಾಳಿಗೆ, ರಾತ್ರಿಯೆಲ್ಲ ಬೆಂಕಿ. ಓದುವವರಲ್ಲಿ ಹಳ್ಳಿಯಿಂದ ಬಂದವರಿಗೆ ಅದರ ವಾಸನೆಯನ್ನು ನಾನು ವರ್ಣಿಸಬೇಕಾಗಿಲ್ಲ, ಪೇಟೆಯಲ್ಲೇ ಹುಟ್ಟಿದವರಿಗೆ ವರ್ಣಿಸಿ ತಿಳಿಸಲು ಬರುವುದಿಲ್ಲ.

ಕಲಘಟಗಿ ತಾಲೂಕಿನಲ್ಲಿ ಮಿಶ್ರಿಕೋಟಿ ಎಂಬ ಊರಿದೆ. ಮಿಶ್ರಿ ಎಂದರೆ ಕಲ್ಲುಸಕ್ಕರೆ. ಆ ಊರ ಕೋಟೆಯನ್ನು ಕಲ್ಲುಸಕ್ಕರೆಯಿಂದಲೇ ಕಟ್ಟಿದ್ದಾರೆ, ಮಳೆಗಾಲದಲ್ಲಿ ಗೋಡೆ ನೆಕ್ಕಿದರೆ ಸಿಹಿ ಹತ್ತುತ್ತದೆ ಎಂದು ನಾವು ಹುಡುಗರು ನಂಬಿದ್ದೆವು. ದೊಡ್ಡವಳಾಗಿ ಬಿ.ಎ. ಓದುವಾಗ ಆ ‘ಮಿಶ್ರಿ’ಯ ಮೂಲ ಗೊತ್ತಾಯಿತು. ಅರಬ್ಬರ ಮಾತಿನಲ್ಲಿ ಮಿಸ್ರ್ ಎಂದರೆ ಈಜಿಪ್ತ. ಅಲ್ಲಿಂದ ಬಂದ ಹರಳುಸಕ್ಕರೆ ಮಿಶ್ರಿ. ಚೀನದ ಹೆಸರು ಹೊತ್ತದ್ದು ಹಿಂದಿಯವರ ‘ಚೀನಿ’. ವಿಚಿತ್ರವೆಂದರೆ ಇವೆರಡೂ ಊರುಗಳಿಗೆ ಸಕ್ಕರೆ ಹೋದದ್ದೇ ನಮ್ಮ ದೇಶದಿಂದ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಅಲೆಕ್ಸಾಂಡರನ ಸಂಗಡ ಬಂದ ನಿಯಾರ್ಕಸ್ ಎಂಬವನು, ಈ ದೇಶದಲ್ಲಿ ಜೇನುಹುಳುವಿಲ್ಲದೆ ಜೇನು ಕೊಡುವ ಜೊಂಡು ಇದೆಯೆಂದು ಬೆರಗಿನಿಂದ ಹೇಳಿದ್ದ. ಚೀನದ ಟಾಂಗ್ ವಂಶದ ಅರಸ 7ನೆಯ ಶತಮಾನದಲ್ಲಿ ಸಕ್ಕರೆ ಮಾಡುವ ವಿದ್ಯೆ ಕಲಿತು ಬರಲು ಮಗಧಕ್ಕೆ ಜನರನ್ನು ಕಳಿಸಿದ್ದ. ಸಂಸ್ಕೃತದ ‘ಶರ್ಕರ’ ಎಂದರೆ ಮೊದಲು ಉಸುಕು, ಹರಳುಕಲ್ಲು. ಅದೇ ನಮ್ಮಲ್ಲಿ ಸಕ್ಕರೆ, ಪರ್ಷಿಯನ್ನರಲ್ಲಿ ಶಕರ್, ಇಂಗ್ಲಿಷರಲ್ಲಿ ಶುಗರ್. ಮಗಳು ಗಂಡನ ಮನೆಗೆ ಹೋಗಿ ಹೊಸ ಹೆಸರು ಇಟ್ಟುಕೊಂಡು ತವರಿಗೆ ಮರಳಿದ ಹಾಗೆ.

ಕಬ್ಬು ಎಂಬ ಮಾತು ಮಾತ್ರ ಎಲ್ಲಿಂದಲೂ ಬಂದದ್ದಲ್ಲ. ಹಳಗನ್ನಡದಲ್ಲಿ ಕರ್ಬು, ತಮಿಳಿನಲ್ಲಿ ಕರುಂಬು. ಮನ್ಮಥನ ಬಿಲ್ಲೇ ಕಬ್ಬಿನದೆಂದು ನಮ್ಮ ಕವಿಗಳು ಮೊದಲಿನಿಂದ ಹೇಳಿಕೊಂಡು ಬಂದಿದ್ದಾರೆ. ಆದರೆ ನನಗೆ ಹೆಚ್ಚಿನ ಸಾಕ್ಷಿ ಎನಿಸುವುದು 12ನೆಯ ಶತಮಾನದ ಅಕ್ಕಮಹಾದೇವಿಯ ವಚನ. ತನ್ನ ಕಷ್ಟವನ್ನು ಹೇಳುವಾಗ ಆಕೆ ಕಬ್ಬನ್ನು ಕಡಿದು ಗಾಣಕ್ಕೆ ಕೊಟ್ಟು ಅರೆದರೂ ಅದು ಸಿಹಿ ಬಿಟ್ಟುಕೊಡುವುದಿಲ್ಲ ಎಂಬ ಹೋಲಿಕೆ ತರುತ್ತಾಳೆ. ಕಬ್ಬಿನ ಗಾಣವನ್ನು ಹತ್ತಿರದಿಂದ ನೋಡಿದ ಹೆಣ್ಣುಮಗಳಿಗೇ ಹೊಳೆಯುವ ಮಾತು ಅದು. ಎಂಟುನೂರು ವರ್ಷಗಳ ಹಿಂದೆಯೇ ನಮ್ಮ ಕಡೆ ಗಾಣ ಮನೆಮಾತಾಗಿತ್ತು ಎನ್ನಲು ಇದಕ್ಕಿಂತ ಬೇರೆ ಶಾಸನ ಬೇಕೆ?

ಆಗಿನ ಕಬ್ಬು ಈಗಿನದಲ್ಲ. ನಮ್ಮ ಅಜ್ಜಿ ಬಾಯಿತುಂಬ ರಸದಾಳಿ ಕಬ್ಬು ಎನ್ನುತ್ತಿದ್ದಳು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಶ್ರೀರಂಗಪಟ್ಟಣದ ಸುತ್ತ ರಸ್ತಾಳಿ, ಪಟ್ಟಾಪಟ್ಟಿ ಎಂಬ ಕಬ್ಬುಗಳನ್ನು ಕಂಡು ಬರೆದಿಟ್ಟಿದ್ದಾನೆ. ಹಲ್ಲಿಗೆ ಮೆತ್ತಗಿನ ಇಂಥ ಹಳೆಯ ಜಾತಿಗಳು ಹಿಂದೆ ಸರಿಯಲು ಕಾರಣ 1912ರಲ್ಲಿ ಕೊಯಮತ್ತೂರಿನಲ್ಲಿ ಸುರುವಾದ ಕಬ್ಬಿನ ತಳಿ ಸಂಶೋಧನ ಕೇಂದ್ರ. ಅಲ್ಲಿ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಎಂಬವರು ದಪ್ಪ ರಸದ ಕಬ್ಬನ್ನು ಹೊಳೆದಂಡೆಯಲ್ಲಿ ತಾನಾಗಿ ಬೆಳೆಯುವ ಅದರ ಕಾಡುಜಾತಿಯ ಸಂಗಡ ಕೂಡಿಸಿ, ರೋಗ ತಡೆಯುವ ಗಟ್ಟಿ ತಳಿ ತೆಗೆದರು. ನಮ್ಮ ರೈತರು ಕಬ್ಬಿನ ಹೆಸರು ಹೇಳುವಾಗ ಮುಂದೆ ‘ಕೋ’ ಎನ್ನುತ್ತಾರಲ್ಲ, ಕೋ 419, ಕೋ 86032, ಆ ‘ಕೋ’ ಎಂದರೆ ಕೊಯಮತ್ತೂರು.

ಅಲ್ಲೊಬ್ಬ ಹೆಣ್ಣುಮಗಳು ಕೆಲಸ ಮಾಡಿದ್ದಾಳೆ ಎಂಬುದು ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಇ. ಕೆ. ಜಾನಕಿ ಅಮ್ಮಾಳ್. 1897ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಹುಟ್ಟಿ, ಅಮೇರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, 1934ರಲ್ಲಿ ಕೊಯಮತ್ತೂರಿಗೆ ಬಂದವರು. ಕಬ್ಬನ್ನು ಗೋವಿನಜೋಳದ ಸಂಗಡ ಕೂಡ ಕೂಡಿಸಿ ನೋಡಿದರು, ಕಬ್ಬಿನ ಮತ್ತು ಅದರ ಕಾಡುಬಂಧುಗಳ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಡಿ ಎಣಿಸಿದರು. ಲಗ್ನವಾಗಲಿಲ್ಲ. ಐದಾರು ವರ್ಷ ಅಲ್ಲಿದ್ದು ವಿಲಾಯತಿಗೆ ಹೋದರು, ಮುಂದೆ ಮರಳಿ ಬಂದು ದೇಶದ ಸಸ್ಯಸಂಪತ್ತಿನ ಕೆಲಸಕ್ಕೆ ನಿಂತರು. 1977ರಲ್ಲಿ ಪದ್ಮಶ್ರೀ ಬಂತು, ಅಷ್ಟೊತ್ತಿಗೆ ಅವರಿಗೆ ಎಂಬತ್ತು. ನನ್ನ ತರಗತಿಯ ಹುಡುಗಿಯರಿಗೆ ನಾನು ಈ ಹೆಸರನ್ನು ಬಾಯಿಪಾಠ ಮಾಡಿಸಿದ್ದೇನೆ, ಪರೀಕ್ಷೆಗೆ ಬರದಿದ್ದರೂ.

ಇನ್ನು ಪೇಟೆಯ ಮಾತು. ಗಾಣಕ್ಕೆ ಹೋಗದೆ ಉಳಿಸಿದ ಒಳ್ಳೆಯ ಗಳಗಳು ಹಬ್ಬಕ್ಕೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಅಂಗಡಿಕಾರರು ಬಾಗಿಲ ಎರಡೂ ಬದಿ ಬಾಳೆಕಂದು, ಕಬ್ಬು ಕಟ್ಟುತ್ತಾರೆ. ಅದಾದ ಹನ್ನೆರಡು ದಿನಕ್ಕೆ ತುಳಸಿ ಲಗ್ನ, ಆಮೇಲೆ ಸಂಕ್ರಮಣ. ಊರಿಂದ ಹೊತ್ತು ಮುಳುಗಿದ ಮೇಲೆ ಚಕ್ಕಡಿ ಬಿಟ್ಟರೆ ಕಲಘಟಗಿ ದಾಟಿ, ಕಾರವಾರ ರಸ್ತೆ ಹಿಡಿದು, ಬೆಳಗಾಗುವ ಹೊತ್ತಿಗೆ ಹುಬ್ಬಳ್ಳಿ. ಊರ ಬಾಯಲ್ಲಿ ಜಕಾತಿ ನಾಕಾ. ಜಕಾತಿ ಎಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಊರೊಳಗೆ ಬರುವ ಮಾಲಿನ ಮೇಲೆ ನಗರಸಭೆ ಹಾಕುತ್ತಿದ್ದ ತೆರಿಗೆ ಅದು. ಕರ್ನಾಟಕದಲ್ಲಿ 1979ರಲ್ಲಿ ತೆಗೆದರು. ಆ ವರ್ಷ ಅಪ್ಪ ಹುಬ್ಬಳ್ಳಿಯಿಂದ ಬಂದವನೇ, “ಈ ಸಲ ನಾಕಾದಾಗ ಎತ್ತ ನಿಲ್ಲಲಿಲ್ಲ” ಎಂದು ಹಬ್ಬದ ಸುದ್ದಿಯಂತೆ ಹೇಳಿದ್ದು ನೆನಪಿದೆ. ಆಗ ನನಗೆ ಒಂಬತ್ತು ವರ್ಷ.

1983ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಎಂಟನೇ ಇಯತ್ತೆ ಓದುತ್ತಿದ್ದೆ. ಆ ವರ್ಷ ಅಪ್ಪ ಕಾಲಿಗೆ ಕೊಡ್ಲಿ ಬಡಿಸಿಕೊಂಡು ಹಾಸಿಗೆ ಹಿಡಿದಿದ್ದ. ತುಳಸಿ ಲಗ್ನದ ಕಬ್ಬನ್ನು ಅವ್ವ ತಂದಳು, ಸಂಗಡ ಚಕ್ಕಡಿ ಹೊಡೆಯಲು ನಮ್ಮ ಕಾಕಾ. ಹೆಂಗಸು ಪೇಟೆಯಲ್ಲಿ ಕುಳಿತು ಮಾರುವುದೆಂದರೆ ಆಗ ನಮ್ಮ ಮನೆತನದಲ್ಲಿ ಮರ್ಯಾದೆಯ ಪ್ರಶ್ನೆ. ಅಜ್ಜಿ ಎರಡು ದಿನ ಮಾತು ಬಿಟ್ಟಿದ್ದಳಂತೆ. ಆದರೆ ಕಬ್ಬು ಕಡಿದಾಗಿತ್ತು, ಕಡಿದ ಕಬ್ಬು ಕಾಯುವುದಿಲ್ಲ. ನನ್ನ ಫೀ, ಅಪ್ಪನ ಔಷಧ ಎರಡೂ ಆ ಚಕ್ಕಡಿಯ ಮೇಲಿದ್ದವು.

ಸಾಲಿ ಬಿಟ್ಟ ಮೇಲೆ ಅವ್ವನ ಹತ್ತಿರ ಬಂದು ಕುಳಿತೆ. ಆಕೆ ತಲೆಯ ಮೇಲೆ ಸೆರಗು ಹೊದ್ದು, ಕೂಗಲು ನಾಚಿಕೊಂಡು, ನೋಡಿದವರ ಕಡೆ ಒಂದು ಗಳ ಎತ್ತಿ ತೋರಿಸುತ್ತಿದ್ದಳು. ಜೋಡಿಗೆ ಒಂದು ರೂಪಾಯಿ. ಅಷ್ಟರಲ್ಲಿ ನನ್ನ ವರ್ಗದ ಗೆಳತಿ ಅವರ ತಾಯಿಯ ಕೈಹಿಡಿದು ಬಂದಳು. ಇಸ್ತ್ರಿ ಮಾಡಿದ ಲಂಗ, ಎರಡು ಜಡೆ, ಆಕೆಯ ತಂದೆ ಯಾವುದೋ ಬ್ಯಾಂಕಿನಲ್ಲಿದ್ದರು.

“ಅಯ್ಯ, ನೀ ಇಲ್ಲೇನ ಮಾಡಾಕತ್ತಿ?” ಎಂದಳು. ಆಮೇಲೆ ಅವ್ವನನ್ನು ನೋಡಿ, “ಇವರು ಯಾರು?”

“ನಮ್ಮೂರಿನವ್ರು” ಎಂದೆ ನಾನು.

ಅವ್ವ ಕೇಳಿಸಿಕೊಂಡಳು. ಏನೂ ಆಗದವಳಂತೆ ಎರಡು ನೆಟ್ಟನೆಯ ಗಳ ಆರಿಸಿ, ಬುಡದ ಮಣ್ಣು ಸೆರಗಿನಿಂದ ಒರೆಸಿ ಗೆಳತಿಯ ತಾಯಿಗೆ ಕೊಟ್ಟಳು. ಅವರು ಬಾರಾಣೆಗೆ ಕೇಳಿದರು. ಅವ್ವ “ಹೂಂ ತಗೋರಿ ಬಾಯಾರ” ಎಂದಳು. ಆ ದಿನ ಆಕೆ ನಾಲ್ಕಾಣೆ ಬಿಟ್ಟು ಮಾರಿದ್ದು ಅದೊಂದೇ ಜೋಡಿ. ಆ ಮಾತನ್ನು ಆಕೆ ಅಂದೂ ಎತ್ತಲಿಲ್ಲ, ನಾನು ಬಿ.ಇಡಿ. ಮುಗಿಸಿ ನೌಕರಿ ಸೇರಿದಾಗಲೂ ಎತ್ತಲಿಲ್ಲ, ಕೊನೆಗಾಲದಲ್ಲಿ ನನ್ನ ಮನೆಯಲ್ಲೇ ಆರು ತಿಂಗಳು ಮಲಗಿದ್ದಾಗಲೂ ಎತ್ತಲಿಲ್ಲ. ನಾನಾಗಿ ಎತ್ತಬಹುದಿತ್ತು. ದಿನಾ ಸಂಜೆ ಎತ್ತಬೇಕೆಂದುಕೊಳ್ಳುತ್ತಿದ್ದೆ.

ಈಗ ಚಕ್ಕಡಿ ಇಲ್ಲ, ಟೆಂಪೋ. ಊರ ಗಾಣಗಳೂ ಬಹುಮಟ್ಟಿಗೆ ನಿಂತವು. ಈ ಶತಮಾನದ ಮೊದಲ ದಶಕದಲ್ಲಿ ನೆರೆಯ ಹಳಿಯಾಳಕ್ಕೆ ಸಕ್ಕರೆ ಕಾರ್ಖಾನೆ ಬಂದ ಮೇಲೆ ನಮ್ಮ ಕಡೆಯ ಕಬ್ಬು ಲಾರಿ, ಟ್ರಾಕ್ಟರು ಹತ್ತಿತು. ಭತ್ತದ ಗದ್ದೆಗಳೂ ಕಬ್ಬಾದವು, ಬೋರ್‌ವೆಲ್ ಕೊರೆದರು. ಊರಿಗೆ ಹೋದರೆ ಮೊದಲು ದೂರಕ್ಕೆ ಕಾಣುತ್ತಿದ್ದ ಕೆರೆ ಏರಿ ಈಗ ಕಬ್ಬಿನ ಮರೆಗೆ ಹೋಗಿದೆ.

ಒಂದು ದಿನ ಗಣಿತದ ಮೇಷ್ಟ್ರು ರಜೆಯಲ್ಲಿದ್ದು ಅವರ ಪಿರಿಯಡ್ ನನ್ನ ಪಾಲಿಗೆ ಬಂತು. ಇತಿಹಾಸದವಳು ಗಣಿತ ಏನು ಹೇಳಲಿ? ಬೋರ್ಡಿನ ಮೇಲೆ ಕಬ್ಬಿನ ಲೆಕ್ಕ ಹಾಕಿಸಿದೆ. ಒಂದು ಗಳ ಸರಾಸರಿ ಒಂದೂಕಾಲು ಕಿಲೋ ಎಂದರೆ ಟನ್ನಿಗೆ 800 ಗಳ. ಟನ್ನಿಗೆ 3,300 ರೂಪಾಯಿ ಹಿಡಿದರೆ ಗಳವೊಂದಕ್ಕೆ ನಾಲ್ಕು ರೂಪಾಯಿ ಚಿಲ್ಲರೆ, ಜೋಡಿಗೆ ಎಂಟು. ಹಬ್ಬದ ಪೇಟೆಯಲ್ಲಿ ಅದೇ ಜೋಡಿ ಅರವತ್ತು, ಎಪ್ಪತ್ತು. ಒಬ್ಬ ಹುಡುಗ ಕೂಡಲೇ ಎದ್ದು ನಿಂತು, “ಟೀಚರ್, ಹಂಗಾರ ಎಲ್ಲಾ ಕಬ್ಬನೂ ದುರ್ಗದ ಬೈಲಿನ್ಯಾಗ ಮಾರಬೇಕ್ರಿ” ಎಂದ. ಒಂದು ಎಕರೆಗೆ ಮೂವತ್ತು ಟನ್ ಬೆಳೆದರೆ ಎಷ್ಟು ಗಳ, ಲೆಕ್ಕ ಹಾಕು ಎಂದೆ. ಇಪ್ಪತ್ತುನಾಲ್ಕು ಸಾವಿರ. ಹುಬ್ಬಳ್ಳಿಯಲ್ಲಿ ತುಳಸಿಕಟ್ಟೆ ಎಷ್ಟಿದ್ದಾವೆ, ಎಷ್ಟು ರೈತರು ಎಷ್ಟು ಎಕರೆಯ ಕಬ್ಬು ತಂದಾರು? ಟೆಂಪೋ ಬಾಡಿಗೆ, ಕಡಿದ ಆಳಿನ ಕೂಲಿ, ರಾತ್ರಿ ಫುಟ್‌ಪಾತಿನ ನಿದ್ದೆ, ಮಾರದೆ ಉಳಿದದ್ದು, “ಇಲ್ಲಿ ಇಡಬ್ಯಾಡ, ಮುಂದ ನಡಿ” ಎನ್ನುವವರ ಕೈಗೆ ಹೋಗುವುದು, ಇದನ್ನೆಲ್ಲ ಕಳೆಯುತ್ತ ಹೋದಂತೆ ಹುಡುಗನ ಮುಖ ಸಪ್ಪಗಾಯಿತು. ಬೀದಿ ವ್ಯಾಪಾರಿಗಳಿಗೆ ರಕ್ಷಣೆ ಕೊಡುವ ಕಾಯದೆ 2014ರಲ್ಲಿ ಬಂದಿದೆ. ಆದರೆ ಅದು ನೆಲೆ ನಿಂತು ವ್ಯಾಪಾರ ಮಾಡುವವರಿಗೆ ಒದಗುವಷ್ಟು, ವರ್ಷಕ್ಕೆ ಮೂರು ದಿನ ಬಂದು ಹೋಗುವ ರೈತ ಹೆಂಗಸಿಗೆ ಒದಗುವುದಿಲ್ಲ. ಗುರುತಿನ ಚೀಟಿ ಮಾಡಿಸುವ ಹೊತ್ತಿಗೆ ಹಬ್ಬ ಮುಗಿದಿರುತ್ತದೆ.

ಪೇಟೆಯಲ್ಲಿ ಹಬ್ಬ ಮುಗಿಯುವ ಹೆದರಿಕೆ. ಕಾರ್ಖಾನೆಗೆ ಕಳಿಸುವವರಿಗೆ ಬೇರೆಯದೇ ಹೆದರಿಕೆ. ಕಡಿದ ಕಬ್ಬಿನ ತೂಕವೂ ಸಕ್ಕರೆಯೂ ದಿನದಿನಕ್ಕೆ ಇಳಿಯುತ್ತವೆ, ಎರಡು ದಿನ ರಸ್ತೆಯಲ್ಲಿ ನಿಂತರೆ ನಷ್ಟ ರೈತನದು. ಕಡಿಯದೆ ಬಿಟ್ಟರೆ ಹೂಬಿಟ್ಟು ಜೊಳ್ಳಾಗುತ್ತದೆ. ಭತ್ತವನ್ನು ಕಣಜಕ್ಕೆ ತುಂಬಿ ಬೆಲೆ ಬರುವ ತನಕ ಕಾಯಬಹುದು, ಕಬ್ಬಿಗೆ ಕಣಜವಿಲ್ಲ. ಕಬ್ಬಿನ ದರದ ಹೋರಾಟಗಳು ಯಾವಾಗಲೂ ಹಂಗಾಮಿನ ಬಾಯಲ್ಲೇ, ನವೆಂಬರಿನಲ್ಲೇ, ಅಷ್ಟು ತುರ್ತಿನಿಂದ ನಡೆಯುವುದಕ್ಕೆ ಇದೇ ಕಾರಣ. 2013ರ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಹತ್ತಿರ ಅಂಥ ಹೋರಾಟದಲ್ಲಿ ಒಬ್ಬ ರೈತ ವಿಷ ಕುಡಿದು ಪ್ರಾಣ ಬಿಟ್ಟ. ನಾನು ದುರ್ಗದ ಬೈಲಿನಲ್ಲಿ ನಿಂತ ಆ ಶನಿವಾರವೂ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ರಸ್ತೆಯ ಮೇಲೆ ಕುಳಿತಿದ್ದರು. ವಾರದ ಮೇಲೆ ಸರಕಾರ ನಡುವೆ ಬಂದು ಇಳುವರಿ ನೋಡಿ 3,200, 3,300 ಎಂದು ತೀರ್ಮಾನವಾಯಿತು.

ಕಬ್ಬು ಕಡಿಯುವ ಗ್ಯಾಂಗಿನವರ ಮಾತು ಹೇಳದೆ ಮುಂದೆ ಹೋಗಲಾರೆ. ಅವರು ದೂರದಿಂದ ಬರುತ್ತಾರೆ, ಗಂಡಹೆಂಡತಿ ಇಬ್ಬರಿಗೂ ಸೇರಿ ಮುಂಗಡ. 2019ರಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕಬ್ಬು ಕಡಿಯಲು ಹೋಗುವ ಸಾವಿರಾರು ಹೆಂಗಸರು, ಮೂವತ್ತೂ ತುಂಬದವರು ಕೂಡ, ಗರ್ಭಕೋಶ ತೆಗೆಸಿಕೊಂಡಿದ್ದರು. ಮುಟ್ಟಿನ ದಿನ ಕೆಲಸ ತಪ್ಪಿದರೆ ದಂಡ ಬೀಳುತ್ತದೆ ಎಂಬುದೂ ಒಂದು ಕಾರಣ. ಆ ದಿನ ಚಹಕ್ಕೆ ಸಕ್ಕರೆ ಹಾಕುವಾಗ ನನ್ನ ಕೈ ಹಿಂಜರಿಯಿತು ಎಂದು ಬರೆದರೆ ಸುಳ್ಳಾದೀತು. ಹಾಕಿದೆ, ಕುಡಿದೆ. ಆದರೆ ಗೌರಿ ಹುಣ್ಣಿಮೆಗೆ ಮೊಮ್ಮಗಳಿಗಾಗಿ ಸಕ್ಕರೆ ಆರತಿಯ ಗೊಂಬೆ ಕೊಳ್ಳುವಾಗ, ಆನೆ, ನವಿಲು, ತೇರು ಎಂದು ಆಕೆ ಒಂದೊಂದೇ ಎತ್ತಿ ತೋರಿಸುತ್ತಿದ್ದರೆ, ಆ ಸುದ್ದಿ ಎಲ್ಲಿಂದಲೋ ಬಂದು ಎದುರಿಗೆ ನಿಲ್ಲುತ್ತದೆ.

ನನ್ನ ಮುಂದಿನವರು ಐವತ್ತಕ್ಕೆ ಒಪ್ಪಿಸಿ ಕಬ್ಬು ಒಯ್ದರು. ನಮ್ಮ ತವರಿನಲ್ಲಿ ತುಳಸಿ ಲಗ್ನದ ರೂಢಿಯೇ ಇರಲಿಲ್ಲ. ಹುಬ್ಬಳ್ಳಿಯ ನೆರೆಮನೆಯವರಿಂದ ಕಲಿತು ನಾನೂ ಮಾಡುತ್ತ ಬಂದಿದ್ದೇನೆ. ಎಪ್ಪತ್ತು ರೂಪಾಯಿ ಕೊಟ್ಟು ಒಂದು ಜೋಡಿ ಕೇಳಿದೆ. ಆಕೆ ಅನುಮಾನದಿಂದ ನನ್ನ ಮುಖ ನೋಡಿದಳು.

“ಯಾ ಊರ ಅಕ್ಕಾರ ನಿಮ್ಮದು?”

“ದೇವಿಕೊಪ್ಪ. ನಿಮ್ಮದು?”

“ತಂಬೂರ ಕಡೆರಿ. ದೇವಿಕೊಪ್ಪದಾಗ ಯಾರ ಮನಿಯವ್ರು?”

ನಾನು ಅಪ್ಪನ ಹೆಸರು ಹೇಳಲಿಲ್ಲ. ಅವ್ವನ ಹೆಸರು ಹೇಳಿ, ಆಕೆಯ ಮಗಳು ಎಂದೆ. ಇದೇ ಜಾಗದಲ್ಲಿ ಕುಳಿತು ಕಬ್ಬು ಮಾರುತ್ತಿದ್ದಳು ಎಂದೂ ಹೇಳಿದೆ. ಧ್ವನಿ ಸ್ವಲ್ಪ ಜೋರಾಯಿತೋ ಏನೋ, ಪಕ್ಕದ ಹೂವಿನವನು ತಿರುಗಿ ನೋಡಿದ.

ಆಕೆ ಒಂದು ಕ್ಷಣ ನೆನಪಿಸಿಕೊಳ್ಳಲು ನೋಡಿದಳು. “ಗೊತ್ತಾಗಲಿಲ್ಲರಿ” ಎಂದು ತಲೆ ಅಲ್ಲಾಡಿಸಿ, ಎರಡು ಗಳಗಳ ಸೋಗೆ ಕೂಡಿಸಿ ಗಂಟು ಹಾಕಿ ನನ್ನ ಕೈಗೆ ಕೊಟ್ಟು, ನನ್ನ ಹಿಂದೆ ನಿಂತವರ ಕಡೆಗೆ ಒಂದು ಜೋಡಿ ಎತ್ತಿ ತೋರಿಸಿದಳು.